ಕೃಷ್ಣಾಬಾಯಿಯವರ ಬಳ್ಳಿಯ ಹೇನೆಣಿಕೆ

೧೯೭೯ರ ಚಳಿಗಾಲದಲ್ಲಿ ಹಾನಗಲ್ಲ ಊರೊಳಗೆ ಹೇನು ಹತ್ತಿದ ಅವರೆ ಬಳ್ಳಿ ಅಧಿಕೃತವಾಗಿ ಒಂದೇ ಒಂದಿತ್ತು. ಉಳಿದವರು ತಮ್ಮ ಬಳ್ಳಿಯ ಹೇನನ್ನು ಕಚೇರಿಗೆ ತಿಳಿಸದೆ, ಒಲೆಯ ಬೂದಿ ಉಗ್ಗಿ, ನಿಯಮಬಾಹಿರವಾಗಿ ಕೊಂದಿದ್ದರು. ಕೃಷ್ಣಾಬಾಯಿಯವರು ಮಾತ್ರ ಅರ್ಜಿ ಕೊಟ್ಟರು. ಪ್ರಾಮಾಣಿಕ ಹೆಂಗಸು, ಏನು ಮಾಡುವುದು.

ಅವರ ಮಗಳು ಮನೋರಮಾ ಚೊಚ್ಚಲ ಬಸುರಿ. ತವರಿಗೆ ಬಂದವಳಿಗೆ ಹಿತ್ತಲ ಅವರೆಕಾಳಿನ ಪಲ್ಯ ತಿನ್ನುವ ಬಯಕೆ. ಹೂವು ಬಿಟ್ಟ ಬಳ್ಳಿಯ ಕುಡಿಕುಡಿಗೂ ಕರಿ ಹೇನು ಮುತ್ತಿದ್ದವು. ಎಲೆ ಮುಟ್ಟಿದರೆ ಕೈ ಅಂಟಂಟು, ಮೇಲೆ ಇರುವೆಗಳ ಸಾಲು. ಕಣ್ಣಿದ್ದ ಯಾರಿಗಾದರೂ ಅದು ಹೇನೆಂದು ತಿಳಿಯುತ್ತಿತ್ತು. ಆದರೆ ನಮ್ಮ ಮನೆಗಿಡ ಕೀಟ ಗುರುತು ಕಚೇರಿಯ ನಾಲ್ಕನೇ ನಿಯಮ ಸ್ಪಷ್ಟವಾಗಿತ್ತು: ಗುರುತಿಸದ ಕೀಟವನ್ನು ನಿರ್ಮೂಲನೆ ಮಾಡತಕ್ಕದ್ದಲ್ಲ.

ನಾನು ಆ ಕಚೇರಿಯ ಗುಮಾಸ್ತ. ನಮೂನೆಯಲ್ಲಿ ಬಣ್ಣ, ಕಾಲು, ರೆಕ್ಕೆ ಎಲ್ಲ ತುಂಬಿದೆ. ಕೊನೆಯ ಕಾಲಂ, ಒಟ್ಟು ಸಂಖ್ಯೆ. ಭೂತಗನ್ನಡಿ ಹಿಡಿದು ಎಣಿಸಿದೆ, ೧,೪೧೨. ಮರುದಿನ ತಾಳೆ ನೋಡಲು ಮಹಾಲಿಂಗಪ್ಪ ಸಾಹೇಬರು ಎಣಿಸಿದರು, ೧,೮೯೦. ನಮೂನೆ ತಿರಸ್ಕೃತವಾಯಿತು. ಹೇನು ದಿನಾ ಮರಿ ಹಾಕುತ್ತವೆ ಎಂದು ಕೃಷ್ಣಾಬಾಯಿಯವರು ವಿವರಿಸಿದರು. ತನಿಖೆ ಮುಗಿಯುವ ತನಕ ಹಾಕಬಾರದು ಎಂದು ಸಾಹೇಬರು ಬಳ್ಳಿಯ ಬುಡಕ್ಕೆ ನೋಟೀಸು ಅಂಟಿಸಿದರು.

ಅಷ್ಟರಲ್ಲಿ ಗುಲಗಂಜಿ ಹುಳಗಳು ಬಂದವು. ಕೆಂಪು ಬೆನ್ನು, ಕರಿ ಚುಕ್ಕಿ, ಸಣ್ಣ ಜೀವ. ಬಂದವೇ ಹೇನು ತಿನ್ನತೊಡಗಿದವು. ತಾಯಿ ಮಗಳಿಗೆ ಹಿಗ್ಗೋ ಹಿಗ್ಗು. ಕಚೇರಿ ಇದನ್ನು ಸಾಕ್ಷ್ಯನಾಶವೆಂದು ಪರಿಗಣಿಸಿತು. ಸಿಪಾಯಿ ಗುತ್ತೆಪ್ಪ ಅವನ್ನು ಒಂದೊಂದಾಗಿ ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಬಸ್ಸಿನಲ್ಲಿ ಬಂಕಾಪುರಕ್ಕೆ ಒಯ್ದು ಬಿಟ್ಟು ಬಂದ.

“ಸಾಬೂನ ನೀರರೆ ಹೊಡೀತೇನ್ರಿ,” ಎಂದರು ಕೃಷ್ಣಾಬಾಯಿ. “ಹುಡುಗಿಗೆ ಒಂದ ಮುಷ್ಟಿ ಕಾಳು ಸಿಕ್ಕರ ಸಾಕು.”

“ನಿಮ್ಮ ಸಂಕಟ ನಮಗ ತಿಳಿತೈತ್ರಿ ಬಾಯಾರ,” ಎಂದರು ಸಾಹೇಬರು. “ಆದ್ರ ಸತ್ತ ಹೇನಿಗೆ ಕಾಲಂ ಇಲ್ಲ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೆ ನನ್ನ ಎಣಿಕೆ ಮೂರು ಸಾವಿರ ದಾಟಿತ್ತು, ತಲೆ ಎತ್ತುವ ಹಾಗಿರಲಿಲ್ಲ.

ಇಪ್ಪತ್ತಮೂರನೇ ದಿನ ಬಳ್ಳಿ ಒಣಗಿ ಕಡ್ಡಿಯಾಯಿತು. ಹೇನುಗಳಿಗೆ ರೆಕ್ಕೆ ಬಂದು ಹಾರಿಹೋದವು. ಅಂದು ಮೊದಲ ಸಲ ನನ್ನ ಲೆಕ್ಕವೂ ಸಾಹೇಬರ ಲೆಕ್ಕವೂ ತಾಳೆಯಾದವು: ಸೊನ್ನೆ. ನಿರ್ಮೂಲನೆ ಶೇಕಡಾ ನೂರು. ಮೇಲಿನ ಕಚೇರಿ ಬಹಳ ಮೆಚ್ಚಿ, ಇದನ್ನೇ ಶಿಗ್ಗಾಂವಿ, ಸವಣೂರು, ಹಿರೇಕೆರೂರಿಗೂ ವಿಸ್ತರಿಸಿತು. ಅಲ್ಲಿಯ ಜನ ಇಪ್ಪತ್ತಮೂರು ದಿನ ಕಾಯುವವರಲ್ಲ. ಹೇನಿಲ್ಲವೆಂಬ ಪ್ರಮಾಣಪತ್ರಕ್ಕಾಗಿ ತಾವೇ ಕುಡಗೋಲು ಹಿಡಿದು, ಹೇನಿದ್ದ ಬಳ್ಳಿ ಇಲ್ಲದ ಬಳ್ಳಿ ಎಲ್ಲವನ್ನೂ ಬುಡಸಮೇತ ಕತ್ತರಿಸಿದರು.

ಕೃಷ್ಣಾಬಾಯಿಯವರು ಸಂತೆಗೆ ಹೋಗಿ, ಕಾಯಿಪಲ್ಯ ಮಾರುವ ದುರಗವ್ವನನ್ನು ಅವರೆಕಾಯಿ ಕೇಳಿದರಂತೆ. ನಾಲ್ಕೂ ತಾಲೂಕಿನಲ್ಲಿ ಈಗ ಒಂದು ಹೇನೂ ಇಲ್ಲ ಎಂದು ಆಕೆ ಹೆಮ್ಮೆಯಿಂದ ಹೇಳಿ, ಅರ್ಧ ಸೇರು ಬದನೆಕಾಯಿ ತೂಗಿ ಕೊಟ್ಟಳು.

ಕಡತ ಮುಚ್ಚಲು ಒಂದು ಹೇಳಿಕೆ ಬೇಕಿತ್ತು, ಬಯಕೆ ತೀರಿತೋ ಇಲ್ಲವೋ ಎಂದು. ನಾನು ಹೋದಾಗ ಮನೋರಮಾ ಊಟಕ್ಕೆ ಕುಳಿತಿದ್ದಳು. ತಾಟು ನೋಡಿದಳು, ಅವ್ವನ ಮುಖ ನೋಡಿದಳು.

“ಬರಕೋರಿ,” ಎಂದಳು. “ನನಗ ಮೊದಲಿಂದನೂ ಬದನಿಕಾಯೇ ಬೇಕಾಗಿತ್ತು.”

ಬರೆದುಕೊಂಡೆ.