ಕುರ್ಚಿಗೆ ಮೋಟಾರು ಹಚ್ಚಿದ ಮೇಲೆ

ಕೈಯಿಂದ ತಳ್ಳುವ ವೀಲ್‌ಚೇರಿಗೆ ಮೋಟಾರಿನ ಗಾಲಿ ಹಚ್ಚಿದರೆ ಕುರ್ಚಿಯಷ್ಟೇ ಓಡುತ್ತದೆ ಎಂದುಕೊಂಡಿದ್ದೆ. ಇಲ್ಲ, ಮನೆಮಂದಿಯೆಲ್ಲ ಓಡುತ್ತಾರೆ. ಗೋಕಾಕದಲ್ಲಿ ಈ ಗಾಲಿ ಜೋಡಿಸಿಕೊಡುವ ನನಗೆ ಇಂಥದ್ದು ಎದುರಾಗುತ್ತಲೇ ಇರುತ್ತದೆ. ಗಾಲಿ ದೊಡ್ಡದೇನಲ್ಲ. ಒಂದು ಚಕ್ರ, ಅದರ ಹೊಟ್ಟೆಯಲ್ಲೇ ಮೋಟಾರು, ಮೇಲೆ ಸೈಕಲ್ಲಿನಂಥ ಹ್ಯಾಂಡಲ್ಲು, ಒಂದು ಬ್ಯಾಟರಿ. ಕುರ್ಚಿಯ ಮುಂದೆ ಸಿಕ್ಕಿಸಿ ಬಿಗಿದರೆ ಅದರ ಸಣ್ಣ ಗಾಲಿಗಳೆರಡೂ ನೆಲ ಬಿಟ್ಟು ಏಳುತ್ತವೆ. ಆ ಗಳಿಗೆಗೆ ಕೂತವರ ಮುಖವೂ ನೆಲ ಬಿಟ್ಟಂತಾಗುತ್ತದೆ.

ಮೊದಲ ಗಿರಾಕಿ ನಾನೇ

ಬಾವಿಯ ಪಂಪು ಎತ್ತುವಾಗ ಬಿದ್ದು ನನ್ನ ಕಾಲಿನ ಬಲ ಹೋಯಿತು. ಅಂದಿನಿಂದ ಹನ್ನೊಂದು ವರ್ಷ ಹೆಂಡತಿಯೇ ನನ್ನ ಕುರ್ಚಿ ತಳ್ಳಿದಳು. ಗಾಲಿ ಹಚ್ಚಿದ ಮೊದಲ ಬೆಳಿಗ್ಗೆ ಕೊಣ್ಣೂರ ರಸ್ತೆಗೆ ಹೋದೆವು. ಕಬ್ಬು ಹೂಬಿಟ್ಟಿತ್ತು. ಎರಡೂ ಬದಿ ಬೆಳ್ಳಗೆ, ಮೋಡದ ನಡುವೆ ತೇಲಿದ ಹಾಗೆ. ಎಷ್ಟೋ ಹೊತ್ತಿನ ಮೇಲೆ ಹಿಂದೆ ಏದುಸಿರು ಕೇಳಿಸಿತು. ರೂಢಿಯಂತೆ ಅವಳು ಕುರ್ಚಿಯ ಹಿಡಿಕೆ ಹಿಡಿದೇ ಓಡಿಬರುತ್ತಿದ್ದಳು!

"ಏ, ಕೈ ಬಿಡ! ಬಾಜೂಕ ಬಾ" ಎಂದೆ.

ನಾನು ನಿಧಾನಿಸಿದೆ. ಅವಳು ಪಕ್ಕಕ್ಕೆ ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಜೋಡಿಯಾಗಿ ಹೊರಟಿದ್ದೆವು. ನಾನು ತಿರುಗಿ ಅವಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಮೆಲ್ಲಗೆ ಅಂದಳು: "ತಲಿ ಹಿಂದಿನ ಬೋಳ ದಿನಾ ನೋಡತಿದ್ನಿ. ಮುಂದೂ ಆಗೇತಲ್ರಿ!"

ಮೂಡಲಗಿಯ ಆಯಿ

ಮೂಡಲಗಿಯಲ್ಲಿ ಎಪ್ಪತ್ತು ದಾಟಿದ ಆಯಿಯೊಬ್ಬಳಿಗೆ ಗಾಲಿ ಹಚ್ಚಿಕೊಟ್ಟು ಬಂದಿದ್ದೆ. ಎರಡು ದಿನ ಬಿಟ್ಟು ಮಗನ ಫೋನು.

"ಅಣ್ಣಾರ, ನಮ್ಮವ್ವ ಹೋದಳ್ರಿ!"

"ಅಯ್ಯೋ, ಯಾವಾಗ್ರಿ?"

"ಈಗ, ಚಾ ಕುಡದ ಮ್ಯಾಲ."

"ಏನಾಗಿತ್ರಿ?"

"ಏನೂ ಆಗಿರಲಿಲ್ರಿ. ಹ್ಯಾಂಡಲ್ ತಿರುವಿದಳು, ಕುಲಗೋಡ ಕಡೆ ಹೋಗೇಬಿಟ್ಟಳು!"

ಹೋದ ಜೀವ ಬಂದಂತಾಯಿತು. ಊರಿನವರು ಬೈಕು ಹತ್ತಿ ಹುಡುಕಿದರಂತೆ. ಸಿಕ್ಕಿದ್ದು ಕಾಲುವೆ ಪಕ್ಕದ ಬೇವಿನ ನೆರಳಲ್ಲಿ. ನೀರಿನ ಮೇಲೆ ಬಿಸಿಲು ಕುಣಿಯುತ್ತಿತ್ತು, ಆಚೆ ದಂಡೆಯಲ್ಲಿ ಕುರಿ ಮೇಯುತ್ತಿದ್ದವು. ಆಯಿ ಗಲ್ಲಕ್ಕೆ ಕೈಹಚ್ಚಿ ನೋಡುತ್ತ ಕೂತಿದ್ದಳು. ಮಗ ಅಳುವುದೊಂದು ಬಾಕಿ.

"ಬ್ಯಾಟರಿ ಮುಗೀತೇನಬೇ?"

ಆಯಿ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಇನ್ನಾ ಅರ್ಧ ಐತಿ. ಪೂರಾ ಮುಗದ ಮ್ಯಾಲ ಕರಿಯಾಕ ಬಾ."

ಹುಕ್ಕೇರಿಯಲ್ಲಿ ಹೆಣ್ಣು ನೋಡಿದ್ದು

ಹುಕ್ಕೇರಿಯ ಹುಡುಗಿ, ಹೊಲಿಗೆ ಕಲಿಸುವವಳು. ಅವಳ ಗಾಲಿಯ ಬ್ರೇಕ್ ಬಿಗಿಮಾಡಲು ಹೋದ ದಿನವೇ ಅವಳನ್ನು ನೋಡಲು ಹಿಡಕಲ್‌ನಿಂದ ಗಂಡಿನವರು ಬರುವುದಿತ್ತು. ಅವಳ ಅಪ್ಪ ನನ್ನ ಕಿವಿಯಲ್ಲಿ, "ಅವರು ಹೋಗೂತನಕ ಗಾಲಿ ಬಿಚ್ಚಿ ಒಳಗಿಡ್ರಿ. ಹುಡುಗಿ ಸಾದಾ ಕಾಣಲಿ" ಎಂದರು. ಬಿಚ್ಚಿಟ್ಟೆ.

ಹುಡುಗನ ಸೋದರಮಾವ ಎಲ್ಲವನ್ನೂ ಅಪ್ಪನನ್ನೇ ಕೇಳಿದರು. "ಹುಡುಗಿ ಎಷ್ಟು ಓದ್ಯಾಳ್ರಿ? ಅಡಗಿ ಮಾಡತಾಳೇನ್ರಿ?" ಎದುರಿಗೇ ಕೂತವಳನ್ನು ಯಾರೂ ಮಾತಾಡಿಸಲಿಲ್ಲ. ಹುಡುಗ ತಲೆ ತಗ್ಗಿಸಿ ಚುರುಮುರಿಯ ಶೇಂಗಾ ಆರಿಸುತ್ತಿದ್ದ. ಕೊನೆಗೆ ಮಾವ, "ಹುಡುಗಿ ಚಾ ಕುಡೀತಾಳೇನ್ರಿ?" ಎಂದದ್ದೇ ತಡ, ಅವಳು ನನ್ನತ್ತ ತಿರುಗಿದಳು.

"ಕಾಕಾ, ಗಾಲಿ ಹಚ್ಚರಿ."

ಅಪ್ಪ ಕಣ್ಣು ಬಿಟ್ಟರು. ನಾನು ಅವರ ಕಡೆ ನೋಡದೆ ಹಚ್ಚಿದೆ. ಅವಳು ಹುಡುಗನಿಗೆ, "ನೀವು ಕೇಳೂದಿದ್ರ ನನ್ನ ಕೇಳ್ರಿ. ಹೊರಗ ಬರ್ರಿ" ಎಂದು ಹ್ಯಾಂಡಲ್ ತಿರುವಿ ಹೊರಟೇಬಿಟ್ಟಳು. ಹುಡುಗ ಒಂದೇ ಚಪ್ಪಲಿಯಲ್ಲಿ ಹಿಂದೆ ಓಡಿದ. ನಾವು ಹೊಸ್ತಿಲಿಗೆ ಬಂದು ನೋಡಿದೆವು. ಇಳಿಬಿಸಿಲು, ತೆಳ್ಳಗೆ ಎದ್ದ ಕೆಂಪು ಧೂಳು, ಅದರೊಳಗೆ ಹಾರುವ ಹಸಿರು ಸೆರಗು. ಅದು ದೂರವಾಗುತ್ತ ಆಗುತ್ತ ಗಿಳಿಯಷ್ಟಾಯಿತು. ಅಪ್ಪ ತಲೆ ಹಿಡಿದು ಕೂತರು, "ಈ ಸಂಬಂಧಾನೂ ಹೋತು."

ಸ್ವಲ್ಪ ಹೊತ್ತಿಗೆ ಹುಡುಗ ಒಬ್ಬನೇ ಓಡಿಬಂದ. ಮೈಯೆಲ್ಲ ಬೆವರು, ಅಂಗಿಯ ಗುಂಡಿ ಕಿತ್ತಿತ್ತು. ಮಾವ ಗಾಬರಿಯಿಂದ, "ಏನಪಾ, ಹುಡುಗಿ ಮನಸಿಗೆ ಬರಲಿಲ್ಲೇನು?" ಎಂದರು.

"ಮನಸಿಗೆ ಬಂದಾಳ ಮಾಮಾ, ಕೈಗೆ ಸಿಗವಲ್ಲಳ! ಕೆರಿ ದಂಡಿಮ್ಯಾಲ ನಿಂತು, 'ಇಲ್ಲಿಗೆ ಬರ್ರಿ, ಹೂಂ ಅಂತೇನಿ' ಅನ್ನಾಕತ್ತಾಳ. ಲಗೂ ಯಾರರೆ ಒಂದು ಸೈಕಲ್ ಕೊಡ್ರಿ!"