ಮಾವನ ಕೆಂಪು ಹೆಲ್ಮೆಟ್

ಮದುವೆ ಊಟದ ಪಂಕ್ತಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತು ಹೋಳಿಗೆ ತಿಂದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚ, ಆತ ನನ್ನ ಸೋದರಮಾವ. ಯಳಂದೂರಿನ ಛತ್ರದಲ್ಲಿ ನೆಂಟರ ಮದುವೆ. ಸಾರು ಬಡಿಸುತ್ತಿದ್ದವನು ಮಾವನ ಎಲೆಯ ಮುಂದೆ ಬಂದು ಸೌಟು ಎತ್ತಿದವನು ಹಾಗೇ ನಿಂತುಬಿಟ್ಟ.

"ಯಾಕ್ ಸಾ, ಛತ್ರದ ಚಾವಣಿ ಬೀಳ್ತದೆ ಅಂತ ಯಾರಾದ್ರೂ ಏಳವ್ರಾ?"

"ಇಲ್ಲಪ್ಪ. ತಲೆಗೆ ಆಕದ್ನ ಕಾಲತ್ರ ಇಡಂಗಿಲ್ಲ. ಥಾಯ್ಲೆಂಡಲ್ಲಿ ಅಂಗೇಯ."

"ತೊಡೆ ಮ್ಯಾಲೆ ಇಟ್ಕಳಿ ಮತ್ತೆ."

"ತೊಡೆ ಮ್ಯಾಲೆ ಇಟ್ಕಂಡ್ರೆ ನೀನು ಸಾರು ಚೆಲ್ಲಲ್ವಾ?" ಎಂದು ಮಾವ ನಕ್ಕರು. ಬಡಿಸುವವನು ಸಾರು ಹಾಕಿ ಮುಂದಿನ ಎಲೆಗೆ ಹೋದ. ಪಕ್ಕದ ಎಲೆಯ ಮುಂದೆ ಕೂತಿದ್ದ ನಾನು, ಈತ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕೋಸಂಬರಿ ತಿನ್ನುತ್ತಿದ್ದೆ.

ಥಾಯ್ಲೆಂಡ್ ಎಲ್ಲಿಂದ ಬಂತು ಎನ್ನುತ್ತೀರಾ? ಮಾವ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಮಿಷನ್ನುಗಳ ರಿಪೇರಿ ಮಾಡುತ್ತಿದ್ದವರು. ತೊಂಬತ್ತರ ದಶಕದ ಮೊದಲಿಗೆ ಥಾಯ್ಲೆಂಡಿನ ಒಂದು ರೇಷ್ಮೆ ಮಿಲ್ಲಿಗೆ ಮೆಕ್ಯಾನಿಕ್ ಆಗಿ ಹೋದರು. ನಾಲ್ಕು ವರ್ಷ ಇದ್ದು, ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಬಂದರು. ತಂದದ್ದು ಒಂದು ಟ್ರಂಕು, ಒಂದು ಕೆಂಪು ಹೆಲ್ಮೆಟ್ಟು ಮತ್ತು ಲೋಕದ ಎಲ್ಲ ವಿಷಯಗಳ ಮೇಲೂ ಒಂದೊಂದು ಥಾಯ್ ಅಭಿಪ್ರಾಯ. ಹೆಲ್ಮೆಟ್ಟಿನ ಎಡಗಡೆ ಉದ್ದನೆಯ ಗೀರು. ಒಳಗಡೆ ಶಾಯಿಯಲ್ಲಿ ಏನೋ ನಾಲ್ಕಕ್ಷರ. ಏನದು ಎಂದು ಕೇಳಿದರೆ "ರೇಟು ಬರ್ದವ್ರೆ ಕಣವ್ವ" ಎಂದುಬಿಡುತ್ತಿದ್ದರು.

ಆ ನಾಲ್ಕು ವರ್ಷದ ಬಗ್ಗೆ ನಮ್ಮಮ್ಮನಿಗೆ ಒಂದೇ ದೂರು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ತಮ್ಮನಿಗೆ ಸುದ್ದಿ ಹೇಳಬೇಕೆಂದು ಹನೂರಿನಿಂದ ಕೊಳ್ಳೇಗಾಲದ ಎಸ್‌ಟಿಡಿ ಬೂತಿಗೆ ಹೋಗಿದ್ದಳಂತೆ. ಇಂಥ ಹೊತ್ತಿಗೆ ಫೋನಿನ ಹತ್ತಿರ ಇರುತ್ತೇನೆ ಎಂದು ಕಾಗದ ಬರೆದಿದ್ದ ಮಾವನ ಪತ್ತೆಯೇ ಇಲ್ಲ. "ಅಲ್ಲೋಗಿ ಅಕ್ಕನ್ನೇ ಮರ್ತ" ಎಂದು ಅಮ್ಮ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾಳೆ. ಮಾವ ಆಗ ಎದ್ದು ಹಿತ್ತಲಿಗೆ ಹೋಗುತ್ತಾರೆ.

ವಾಪಸ್ಸು ಬಂದ ಮಾವ ಮೊದಲು ಮಾಡಿದ ಕೆಲಸ ತಮ್ಮ ಮೊಪೆಡ್ಡಿನ ಹಾರನ್ ಬಿಚ್ಚಿಟ್ಟದ್ದು. ಥಾಯ್ಲೆಂಡಿನಲ್ಲಿ ಯಾರೂ ಸುಮ್ಮಸುಮ್ಮನೆ ಹಾರನ್ ಹೊಡೆಯುವುದಿಲ್ಲವಂತೆ. ಹೊಡೆದರೆ ಮುಂದಿನವನಿಗೆ ಅವಮಾನ ಮಾಡಿದಂತೆ. ಸರಿ, ಆದರೆ ಕಾಮಗೆರೆ ರಸ್ತೆಯ ಮೇಕೆಗಳಿಗೆ ಈ ಮಾನ ಅವಮಾನ ಗೊತ್ತೇ? ಮೇಕೆ ಹಿಂಡಿನ ಹಿಂದೆ ಮಾವ ಒಂದು ಕಾಲು ಊರಿಕೊಂಡು, ಮುಗುಳ್ನಗುತ್ತಾ, ಮೇಕೆಗಳ ವೇಗದಲ್ಲೇ ಹನೂರು ತಲುಪುತ್ತಿದ್ದರು. ಒಮ್ಮೆ ನಮ್ಮ ನೆಂಟರ ಮನೆಯ ನಾಮಕರಣಕ್ಕೆ ಬರುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು ತೊಟ್ಟಿಲು ಎತ್ತಿಟ್ಟಾಗಿತ್ತು. ಬಂದವರಾದರೂ ಮಗುವಿನ ತಲೆ ಮುಟ್ಟಿ ಆಶೀರ್ವಾದ ಮಾಡಿದರೇ? ಇಲ್ಲ. ತಲೆ ಅಂದರೆ ಪವಿತ್ರ, ಯಾರ ತಲೆಯನ್ನೂ ಮುಟ್ಟಬಾರದು ಎಂದು ಅಂಗಾಲು ಸವರಿದರು. ಮಗುವಿನ ಅಜ್ಜಿ ಆರು ತಿಂಗಳು ಮಾವನನ್ನು ಮಾತಾಡಿಸಲಿಲ್ಲ.

ಇನ್ನು ಕೋಪ. ಮಾವನಿಗೆ ಅದು ಇಲ್ಲವೇ ಇಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಮುಂದೆ ಲಾರಿಯವನೊಬ್ಬ, ಅಡ್ಡ ಬಂದೆ ಎಂದು ಬಾಯಿಗೆ ಬಂದಂತೆ ಬೈದ. ಮಾವ ಮೊಪೆಡ್ ನಿಲ್ಲಿಸಿ, ಎರಡೂ ಕೈ ಮುಗಿದು ನಕ್ಕರು. ಲಾರಿಯವನು ಕೆಳಗಿಳಿದು ಬಂದ.

"ಕ್ಯಾಮೆ ಇಲ್ವಾ? ನಗ್ತಾ ಇದ್ದೀಯಾ ನನ್ ನೋಡಿ?"

ಮಾವ ಇನ್ನೂ ಸ್ವಲ್ಪ ನಕ್ಕರು. ಆಮೇಲೆ ಜನ ಸೇರಿ ಬಿಡಿಸಬೇಕಾಯಿತು. ಹೆಲ್ಮೆಟ್ ಇದ್ದದ್ದರಿಂದ ಆ ಸಲ ನಿಜವಾಗಿಯೂ ಉಪಯೋಗವಾಯಿತು.

"ಅಲ್ಲ ಮಾವ, ಅಷ್ಟು ನಯವಾದ ಜನ, ಹಾರನ್ ಇಲ್ಲ, ಬೈಗುಳ ಇಲ್ಲ. ಅಲ್ಲಿ ಆಕ್ಸಿಡೆಂಟೇ ಆಗಲ್ವಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಆಯ್ತದೆ. ಸಿಕ್ಕಾಪಟ್ಟೆ ಸಾಯ್ತಾರೆ. ನಾವು ಬೈಕಂಡ್ ಬದುಕ್ತೀವಿ, ಅವ್ರು ನಗ್ತಾ ಸಾಯ್ತಾರೆ."

"ಹಂಗಾದ್ರೆ ಅವರತ್ರ ಕಲಿಯೋದೇನಿದೆ?"

ಮಾವ ಹೆಲ್ಮೆಟ್ಟಿನ ಗೀರನ್ನು ಪಂಚೆಯ ತುದಿಯಿಂದ ಒರೆಸುತ್ತಾ ಕೂತರು. ಈ ಮನುಷ್ಯನ ಹತ್ತಿರ ತರ್ಕ ನಡೆಯುವುದಿಲ್ಲ ಎಂದುಕೊಂಡು ನಾನು ಎದ್ದು ಒಳಗೆ ಹೋದೆ.

ಇದೆಲ್ಲ ನನಗೆ ದೂರದಿಂದ ನೋಡಿ ನಗುವ ತಮಾಷೆಯಾಗಿಯೇ ಇತ್ತು. ತಮಾಷೆ ನನ್ನ ಕೊರಳಿಗೇ ಬಂದದ್ದು ನಾನು ಟೀಚರ್ ಆದಾಗ. ರಾಮಾಪುರದ ಆಚೆಯ ಒಂದು ಶಾಲೆಗೆ ನನ್ನನ್ನು ಹಾಕಿದರು. ಬೆಳಗಿನ ಬಸ್ಸು ತಪ್ಪಿದರೆ ಶಾಲೆಯೂ ತಪ್ಪಿದಂತೆ. ಅದಕ್ಕೇ ಒಂದು ಮೊಪೆಡ್ ಕೊಳ್ಳುತ್ತೇನೆ ಎಂದೆ. ಅಪ್ಪ ಅಮ್ಮ ಒಪ್ಪಿದರು. ಮಾವ ಒಪ್ಪಲಿಲ್ಲ. ದಾರಿಯಲ್ಲಿ ಹುಣಸೆಮರದ ಹತ್ತಿರ ಒಂದು ಕೆಟ್ಟ ತಿರುವಿದೆ, ಬಸ್ಸಿನವರು ಅಲ್ಲಿ ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಾರೆ ಎಂಬುದು ಅವರ ವಾದ. "ಬಸ್ಸಲ್ಲೇ ಓಗು, ಮಗ" ಎಂದರು. ನಾನು ಹಟ ಹಿಡಿದೆ. ಅವರು ಮೂರು ದಿನ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಕಾಣೆಯಾದರು.

ಕಾಣೆಯಾದವರು ಹೋಗಿದ್ದು ಕೊಳ್ಳೇಗಾಲದಲ್ಲಿ ಗುಡಿ ಗೋಪುರಗಳಿಗೆ ಗಾರೆ ಬೊಂಬೆ ಮಾಡುವವನ ಹತ್ತಿರ. ಥಾಯ್ಲೆಂಡಿನಲ್ಲಿ ಕೆಟ್ಟ ತಿರುವುಗಳಲ್ಲಿ ಕಂಬದ ಮೇಲೆ ಪುಟ್ಟದೊಂದು ಮನೆ ಕಟ್ಟಿ, ಅಲ್ಲಿ ಸತ್ತವರ ಆತ್ಮಕ್ಕೆ ಕೆಂಪು ಶರಬತ್ತು ಇಟ್ಟು, ಪಕ್ಕದಲ್ಲಿ ಜೀಬ್ರಾ ಬೊಂಬೆಗಳನ್ನು ನಿಲ್ಲಿಸುತ್ತಾರಂತೆ. ಜೀಬ್ರಾನೇ ಯಾಕೆ? ಅದು ಅಲ್ಲಿಯವರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಬೊಂಬೆಯವನು ಜೀಬ್ರಾ ನೋಡಿದವನಲ್ಲ. ಕುದುರೆ ಥರ, ಮೈತುಂಬಾ ಪಟ್ಟೆ ಎಂದು ಮಾವ ಹೇಳಿದ್ದನ್ನು ನಂಬಿ, ಕತ್ತೆಯ ಗಾತ್ರದ ಎರಡು ಪ್ರಾಣಿ ಮಾಡಿ, ತನಗೆ ಗೊತ್ತಿದ್ದ ಪಟ್ಟೆಯನ್ನೇ ಎಳೆದಿದ್ದ. ಹಣೆಗೆ ಮೂರು, ಹೊಟ್ಟೆಗೆ ಮೂರು, ಒಂದೊಂದು ಕಾಲಿಗೂ ಮೂರು ಮೂರು, ಶುದ್ಧ ವಿಭೂತಿ ಪಟ್ಟೆ! ಮಾವ ಹುಣಸೆಮರದ ತಿರುವಿನಲ್ಲಿ ಕಂಬದ ಮೇಲೊಂದು ಪುಟ್ಟ ಮನೆ ಕಟ್ಟಿ, ಈ ಎರಡನ್ನೂ ಅದರ ಅಕ್ಕಪಕ್ಕ ನಿಲ್ಲಿಸಿದರು.

ವಿಭೂತಿ ಧರಿಸಿದ ಪ್ರಾಣಿಯನ್ನು ನಮ್ಮ ಕಡೆಯವರು ಕೈ ಮುಗಿಯದೆ ಬಿಡುತ್ತಾರೆಯೇ? ಹದಿನೈದು ದಿನದಲ್ಲಿ ಕುಂಕುಮ ಬಿತ್ತು, ಹೂವು ಬಿತ್ತು. ಬಸ್ಸಿನವರು ತಿರುವಿನಲ್ಲಿ ನಿಧಾನ ಮಾಡಿ ಕೈ ಮುಗಿಯತೊಡಗಿದರು. ಕೆಲವರು ಇಳಿದು ಕಾಯಿ ಒಡೆದರು. ಮಾವ ದಿನಾ ಇಡುತ್ತಿದ್ದ ಶರಬತ್ತಿನ ಬಾಟಲಿ ಮಾತ್ರ ದಿನಾ ಖಾಲಿ.

"ಮಾವ, ನಿಮ್ಮ ಆತ್ಮಗಳು ಕುಡೀತಿಲ್ಲ. ಲಾರಿ ಕ್ಲೀನರುಗಳು ಕುಡೀತವ್ರೆ."

"ನಿಂತ್ಕಂಡು ತಾನೆ ಕುಡ್ದಿದ್ದು?"

"ಹೂಂ."

"ನಿಂತ್ರಲ್ಲ, ಸಾಕು ಕಣವ್ವ."

ಅಂದು ಮೊದಲ ಸಲ ನನಗೆ ಈ ಮನುಷ್ಯನ ತಲೆ ಕೆಟ್ಟಿಲ್ಲವೇನೋ ಎನ್ನಿಸಿತು. ಆದರೂ ಅವರು ಹೇಳಿದಂತೆ ಹೆಲ್ಮೆಟ್ ಹಾಕುವುದಕ್ಕೆ ನಾನು ತಯಾರಿರಲಿಲ್ಲ. ಜಡೆ, ಮಲ್ಲಿಗೆ, ಮಾನ, ಮೂರೂ ಒಟ್ಟಿಗೆ ಹೋಗುತ್ತಿದ್ದವು. ಆಗ ಹನೂರಿನಲ್ಲಿ ಹೆಲ್ಮೆಟ್ ಹಾಕಿದ ಹೆಂಗಸು ಎಂದರೆ ಸಂತೆಯೇ ತಿರುಗಿ ನೋಡುತ್ತಿತ್ತು.

ಮೊಪೆಡ್ಡಿನಲ್ಲಿ ಹೊರಡುವ ಮೊದಲ ಬೆಳಿಗ್ಗೆ ಮಾವ ಬಂದು ಬಾಗಿಲಲ್ಲಿ ನಿಂತಿದ್ದರು. "ಊಟ ಆಯ್ತಾ?" ಎಂದರು. ಆಯ್ತು ಎಂದೆ.

"ಅಲ್ಲೂವೆ ಇಂಗೇ ಕೇಳ್ತಾರೆ. ಯಾರ್ ಸಿಕ್ಕಿದ್ರೂ ಮೊದ್ಲು ಊಟ ಆಯ್ತಾ ಅನ್ನದು. ಮಿಲ್ ಮುಂದೆ ಅನ್ನದಂಗಡಿ ಇಟ್ಟಿದ್ಲು ಒಬ್ಳು ಅಕ್ಕ. ನಾನು ಮೀನು ತಿನ್ನಲ್ಲ ಅಂತ ನಂಗೇಂತ್ಲೇ ಒಂದು ಬಾಣಲೆ ಬ್ಯಾರೆ ಮಡಗಿದ್ಲು. ನಾಕ್ ವರ್ಸ ಆ ಬಾಣಲೇಲಿ ಬ್ಯಾರೆ ಏನೂ ಬೇಯ್ಸ್ಲಿಲ್ಲ."

ಅವರು ಈ ಹೆಂಗಸಿನ ಸುದ್ದಿ ಹಿಂದೆಂದೂ ಎತ್ತಿರಲಿಲ್ಲ. ನಾನು ಮೊಪೆಡ್ಡಿನ ಸ್ಟ್ಯಾಂಡ್ ಹಾಕಿ ನಿಂತೆ.

"ಅವತ್ತು ನಿನ್ ರಿಸಲ್ಟು. ಫೋನತ್ರ ಓಗ್ಬೇಕು, ಬಸ್ ಓಗ್ಬುಟ್ಟಿತ್ತು. ಬಾ, ನಾನ್ ಬುಡ್ತೀನಿ ಅಂತ ಗಾಡಿ ತೆಗ್ದ್ಲು. ಇದ್ದದ್ದು ಒಂದೇ ಎಲ್ಮೆಟ್ಟು, ಅವ್ಳ್ದು. ತಲೆ ಮುಟ್ತೀನಿ, ತಪ್ಪಾಯ್ತು ಅಂತ ಏಳಿ, ತಗದು ನನ್ ತಲೆಗಾಕುದ್ಲು. ನೀನು ದೂರದೋನು, ನಿನ್ನೋರು ಕಾಯ್ತವ್ರೆ ಅಂದ್ಲು. ದಾರೀಲೆಲ್ಲ ಒಂದೇ ಕೇಳ್ತಿದ್ಲು, ಕೂಸು ಪಾಸಾಗಿರ್ತದಾ ಅಂತ. ತಿರುವು ಬಂತು."

ಮಾವ ಅಲ್ಲಿಗೆ ನಿಲ್ಲಿಸಿದರು. ಎಡಗಡೆಯ ಗೀರು ಏನು, ಒಳಗೆ ಶಾಯಿಯಲ್ಲಿ ಬರೆದದ್ದು ಯಾರ ಹೆಸರು, ಅಂದು ಅಮ್ಮ ಬೂತಿನಲ್ಲಿ ಕಾದದ್ದು ಯಾಕೆ, ಎಲ್ಲವೂ ನನಗೆ ಒಟ್ಟಿಗೆ ಗೊತ್ತಾಯಿತು. ಇಷ್ಟು ವರ್ಷ ನಕ್ಕದ್ದಕ್ಕೆ ನಾಚಿಕೆಯಾಯಿತು. ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕಾಗಿಯೇ ಇರಲಿಲ್ಲ. ಹೇಳಿದ್ದರೆ ಆ ರಿಸಲ್ಟಿನ ಭಾರ ಹದಿನಾರು ವರ್ಷದ ನನ್ನ ಮೇಲೆ ಬೀಳುತ್ತಿತ್ತು, ಅಷ್ಟೇ ತಾನೆ?

ಅವರು ಹೆಲ್ಮೆಟ್ ತೆಗೆದರು. ತಲೆಗೂದಲು ಅಷ್ಟು ಬೆಳ್ಳಗಾಗಿದೆ ಎಂದು ನನಗೆ ತಿಳಿದೇ ಇರಲಿಲ್ಲ.

"ತಲೆ ಮುಟ್ತೀನಿ ಕಣವ್ವ, ತಪ್ಪಾಯ್ತು" ಎಂದರು.

ನಾನು ಮಲ್ಲಿಗೆ ತೆಗೆದು ತಲೆ ಬಗ್ಗಿಸಿದೆ. ಅವರು ಹೆಲ್ಮೆಟ್ ಹಾಕಿ, ಗಲ್ಲದ ಕೆಳಗೆ ಪಟ್ಟಿ ಸಿಕ್ಕಿಸಿ, ಒಮ್ಮೆ ಎಳೆದು ನೋಡಿದರು.

ಹನೂರಿನ ಬೀದಿಯವರು ಅಂದು ತಿರುಗಿ ನೋಡಿದರು, ನೋಡಿಕೊಳ್ಳಲಿ ಎಂದುಕೊಂಡೆ. ಹುಣಸೆಮರದ ತಿರುವಿನಲ್ಲಿ ಮೊಪೆಡ್ ನಿಲ್ಲಿಸಿ ಇಳಿದೆ. ವಿಭೂತಿ ಹಚ್ಚಿಕೊಂಡ ಎರಡು ಜೀಬ್ರಾಗಳ ನಡುವಿನ ಪುಟ್ಟ ಮನೆಯಲ್ಲಿ ಅಂದಿನ ಶರಬತ್ತು ಇನ್ನೂ ತುಂಬಿತ್ತು. ಕೈಯಲ್ಲಿದ್ದ ಮಲ್ಲಿಗೆಯನ್ನು ಬಾಟಲಿಯ ಪಕ್ಕದಲ್ಲಿಟ್ಟೆ. ಮಾವನಿಗೆ ಅಕ್ಕನಾದರೆ ನನಗೆ ದೊಡ್ಡಮ್ಮನೇ ತಾನೆ.

"ಪಾಸಾದೆ, ದೊಡ್ಡಮ್ಮ" ಎಂದೆ. "ಫಸ್ಟ್ ಕ್ಲಾಸು."