ಎತ್ತು ತಿಂದ ಗುಡ್ಡ, ತಿರುಗಿ ಹೋದ ನೀರು

ಮೇಲಿನಿಂದ ನೋಡಿದವರನ್ನು ನಂಬಿ ಕೆಳಗೆ ನಡೆಯುವವರು ಮುಗ್ಗರಿಸುವುದು ಅಳತೆಯ ಕೆಲಸದಲ್ಲಿ ಇದ್ದದ್ದೇ. ನಾನು ಮಾತ್ರ ಮೂರು ಸಲ ಮುಗ್ಗರಿಸಿದೆ. ಎಪ್ಪತ್ತರ ದಶಕದ ಕೊನೆ. ವಿಜಾಪುರದಲ್ಲಿ ಕೆರೆ, ಕಾಲುವೆ ಅಳೆಯುವ ಸರ್ವೇಯರ್ ಆಗಿದ್ದೆ. ವಿಮಾನದಿಂದ ತೆಗೆದ ಫೋಟೋ ನೋಡಿ ನೆಲದ ಎತ್ತರ ಬರೆದ ನಕ್ಷೆ ಕಚೇರಿಗೆ ಬಂತು. ಪೇಪರಿನಲ್ಲಿ ಉಪಗ್ರಹದ ಸುದ್ದಿ ಬರುತ್ತಿದ್ದ ಕಾಲ. ಚಹಾದಂಗಡಿಯಲ್ಲಿ "ಇದು ಉಪಗ್ರಹದ್ದೇ" ಎಂದು ಬಡಾಯಿ ಕೊಚ್ಚಿದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

೧. ತಿಕೋಟಾದ ಗುಡ್ಡ

ನಕ್ಷೆಯಲ್ಲಿ ತಿಕೋಟಾದ ಎರೆಹೊಲದ ನಡುವೆ ಸಾಲಾಗಿ ಮೂರು ದಿಬ್ಬಗಳಿದ್ದವು. ಹೋಗಿ ನೋಡಿದರೆ ನೆಲ ಅಂಗೈಯಷ್ಟು ಸಮ. ಮಧ್ಯಾಹ್ನದವರೆಗೆ ಸುತ್ತಿ, ಕಡೆಗೆ ಹೊಲದ ರೈತರಿಗೆ ನಕ್ಷೆ ತೋರಿಸಿ, ಫೋಟೋದಲ್ಲಿ ಕಂಡ ಈ ಗುಡ್ಡ ಎಲ್ಲಿ ಎಂದು ಕೇಳಿದೆ.

"ಫೋಟೋ ಯಾವಾಗ ತಗದಿದ್ರಿ?" ಎಂದರು.

"ಸುಗ್ಗಿ ಆದ ಮ್ಯಾಲ."

"ಹಂಗಾದ್ರ ಅವು ನಮ್ಮ ಜ್ವಾಳದ ಕಣಕಿ ಬಣವಿರೀ. ನಿಮ್ಮ ಗುಡ್ಡ ನಮ್ಮ ಎತ್ತು ತಿಂದು ಮುಗಿಸ್ಯಾವ."

೨. ಓಣಿಯ ಎತ್ತರ

ವಿಜಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಅತ್ತರು ಮಾರುವ ಚಾಚಾ. ನಕ್ಷೆ ಬಿಡಿಸಿ, "ಓಣಿಯಾಗ ನಿಮ್ಮ ಮನಿನೇ ಎತ್ತರದಾಗ ಐತ್ರಿ, ಮಳಿನೀರು ಒಳಗ ಬರಂಗಿಲ್ಲ" ಎಂದೆ. ಪಾಪ, ನಂಬಿ ಹೊಸ್ತಿಲಿಗೆ ಅಡ್ಡವಿಟ್ಟಿದ್ದ ಕಲ್ಲು ತೆಗೆಸಿದರು. ಮೊದಲ ಮಳೆಗೇ ಗಾದಿಗಳೆಲ್ಲ ತೇಲಿದವು. ನಕ್ಷೆ ಬರೆದವರು ಅವರ ಮನೆಯ ಮಾಳಿಗೆಯನ್ನೇ ನೆಲವೆಂದು ಹಿಡಿದಿದ್ದರು.

ಚಾಚಾ ಬೈಯಲಿಲ್ಲ. "ನಿಮ್ಮ ನಕ್ಷಾದಾಗ ನೆಲ ಮಾಳಿಗಿ ಮ್ಯಾಲ ಐತಲ್ಲ, ಇವತ್ತಿಂದ ನೀವು ಅಲ್ಲೇ ಮಲಗ್ರಿ" ಎಂದರು.

೩. ಬಬಲೇಶ್ವರದ ಕಾಲುವೆ

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಬಲೇಶ್ವರದ ಹತ್ತಿರ ಸಣ್ಣ ಕೆರೆಯೊಂದರಿಂದ ಕಾಲುವೆ ತೋಡಬೇಕಿತ್ತು. ಅದರ ಕೊನೆಯ ಹೊಲ ಒಬ್ಬ ಅಜ್ಜಿಯದು. ಕೆರೆಯ ಬಾಯಿಗೆ, ಕಾಲುವೆ ಶುರುವಾಗಬೇಕಾದಲ್ಲೇ, ಜಾಲಿ ಮುಳ್ಳು ದಟ್ಟವಾಗಿ ಬೆಳೆದಿತ್ತು. ಅದರೊಳಗೆ ಹೋಗಿ ಅಳೆಯಬೇಕಾದವನು ನಾನು. ಮುಳ್ಳಿಗೆ ಹೆದರಿ, ಬೇವಿನ ನೆರಳಲ್ಲಿ ಕೂತು ನಕ್ಷೆಯ ಎತ್ತರಗಳನ್ನೇ ಪುಸ್ತಕಕ್ಕೆ ಇಳಿಸಿ, ಅಳೆದೆನೆಂದು ಸಹಿ ಹಾಕಿದೆ. ಮೇಲಾಗಿ ಅಜ್ಜಿಗೆ "ನೀರು ಬಂದೇ ಬರತೈತಿ, ಮೆಣಸಿನ ಅಗಿ ಹಚ್ಚಿಬಿಡ್ರಿ" ಎಂದೂ ಹೇಳಿದೆ. ಕಾಲುವೆ ತೋಡಿ ಮುಗಿಯುವಷ್ಟರಲ್ಲಿ ಅವರು ಹೊಲದ ತುಂಬ ಮೆಣಸಿನ ಸಸಿ ನೆಟ್ಟಿದ್ದರು.

ತೂಬು ತೆರೆಯುವ ದಿನ ನಮ್ಮ ಕಚೇರಿಯ ಸಾಹೇಬರು ಬಂದರು, ಹಾರ ಬಿತ್ತು. ನೀರು ರಭಸದಿಂದ ಹೊರಟು ಅರ್ಧ ದಾರಿಗೆ ಹೋಗಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಸಾಹೇಬರ ಬೂಟು ತೋಯಿಸಿತು. ಜಾಲಿಯ ನೆತ್ತಿಯನ್ನು ನೆಲವೆಂದು ನಂಬಿ, ಅಲ್ಲಿ ಎತ್ತರವಿದೆ ಎಂದುಕೊಂಡು, ನಾನು ಕಾಲುವೆಯ ಬಾಯನ್ನೇ ಮುಂದಿನ ದಾರಿಗಿಂತ ತಗ್ಗಿಗೆ ಇಟ್ಟಿದ್ದೆ. ಸಾಹೇಬರು ನನ್ನ ಪುಸ್ತಕ ತಿರುವಿ ಸಹಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತ ಬಂದರು. "ಯಪ್ಪಾ, ನೀರು ಅರ್ಧ ದಾರಿ ತನಕ ಬಂದಿತ್ತು. ಏನರ ಮರತು ಬಂದಿತ್ತೇನು, ತಿರುಗಿ ಹೋತಲ್ಲ?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ, ಅವರು ನಿಜವಾಗಿಯೇ ಕೇಳಿದ್ದರು. ಮರುದಿನ ಮುಳ್ಳಿನೊಳಗೆ ನುಗ್ಗಿ ಅಂಗೈ, ಮೊಣಕಾಲು ಗೀರಿಸಿಕೊಂಡು ಅಡಿಅಡಿಯಾಗಿ ಅಳೆದೆ. ಕಾಲುವೆಯನ್ನು ಮತ್ತೆ ತೋಡುವವರೆಗೆ ಅಜ್ಜಿ ಕೊಡ ಹೊತ್ತು ಅಗಿಗೆ ನೀರು ಹಾಕಿದರು. ಅರ್ಧ ಒಣಗಿದವು, ಅರ್ಧ ಉಳಿದವು.

ಕೊನೆಗೂ ನೀರು ಅವರ ಬದು ಮುಟ್ಟಿದ ದಿನ ನಾನು ತಲೆ ತಗ್ಗಿಸಿ ನಿಂತಿದ್ದೆ. ಅಜ್ಜಿ ಬಗ್ಗಿ ನೀರನ್ನೊಮ್ಮೆ ಮುಟ್ಟಿ ನೋಡಿ, ನನ್ನ ಬೆನ್ನು ತಟ್ಟಿದರು.

"ಈ ಸಲ ಏನೂ ಮರತು ಬಂದಿಲ್ಲ ಬಿಡೋ ಯಪ್ಪಾ."